ಹೊಟ್ಟೆಯ ಫೋಟೋ

ಪಾಲಿಶಣ್ಣ ಸಂಜೆ ಕೆಲಸ ಮುಗಿಸಿ ಬಂದರೆ ನೇರವಾಗಿ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಹೆಂಡತಿಗಾಗಿ ಕಾಯಬೇಕು. ಅವಳು ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮುಖ ಮುಂದೆ ಮಾಡಿದರೆ, ಇವನು ಬಾಯಿ ತೆರೆದು "ಹಾ" ಎಂದು ಉಸಿರು ಬಿಡಬೇಕು. ಅವಳು ಮೂಸಿ "ಹೂಂ, ಬನ್ನಿ" ಎಂದ ಮೇಲೆಯೇ ಒಳಗೆ ಪ್ರವೇಶ. ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪದೆ ಇದು ನಡೆದಿತ್ತು. ಅಕ್ಕಪಕ್ಕದವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ನಗದೆ ಏನು ಮಾಡುವುದು? ಅವನ ಕಸುಬೇ ಅಂಥದು. ಪೀಠೋಪಕರಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮೇಜು, ಮಂಚ, ಬೀರುಗಳಿಗೆ ಪಾಲಿಶ್ ಹಾಕುವ ಕೆಲಸ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿ ತುಂಬಿದ ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಮರ ಕನ್ನಡಿಯಂತಾಗುವವರೆಗೆ ತಿಕ್ಕುತ್ತಿದ್ದ. ಅಂಗಿ, ಕೂದಲು, ಉಗುರು ಎಲ್ಲಕ್ಕೂ ಸ್ಪಿರಿಟ್ಟಿನ ವಾಸನೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯುವವನ ಪಾಡು ಅವನದು. ಅಂಗಿಯ ವಾಸನೆಯನ್ನು ನಂಬುವ ಹಾಗಿಲ್ಲ, ಆದ್ದರಿಂದ ಹೆಂಡತಿ ಉಸಿರನ್ನು ನಂಬಿದ್ದಳು.

ಹಾಗೆಂದು ಅವನು ಹುಟ್ಟಾ ಸಾಧುವೇನಲ್ಲ. ಒಂದು ಕಾಲಕ್ಕೆ ದಿನಗೂಲಿಯ ಜೊತೆ ದಿನದ ಬುದ್ಧಿಯನ್ನೂ ಕುಡಿದು ಮುಗಿಸುತ್ತಿದ್ದವನು. ಒಂದು ದಿನ ಹಗಲಿನಲ್ಲೇ ಬೀದಿ ಬದಿ ಬಿದ್ದಿದ್ದ. ಎಚ್ಚರವಾದಾಗ ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು, ಶಾಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು, ಅವನ ಚಪ್ಪಲಿಗಳನ್ನು ಯಾರೂ ಒಯ್ಯದಂತೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅಂದು ಬಿಟ್ಟದ್ದು. ಯಾವ ದೇವರ ಮೇಲೂ ಆಣೆ ಇಡಲಿಲ್ಲ, ಯಾವ ಮಾತ್ರೆಯನ್ನೂ ನುಂಗಲಿಲ್ಲ, ಸುಮ್ಮನೆ ಬಿಟ್ಟ.

ಆ ಮಗಳು ಈಗ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ತರಬೇತಿಯಲ್ಲಿದ್ದಳು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲಿ ಹಚ್ಚಿ, ಕೈಯಲ್ಲಿ ಹಿಡಿಯುವ ಯಂತ್ರವನ್ನು ಆಡಿಸಿ, ಪರದೆಯ ಮೇಲೆ ಒಳಗಿನದನ್ನೆಲ್ಲ ಹುಡುಕುವ ಕೆಲಸ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಸೆಂಟರಿಗೆ ರಜೆ ಇದ್ದಾಗ, ಅಪ್ಪನನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿದ್ದಳು.

"ಕೈ ಪಳಗಬೇಕು ಅಪ್ಪ. ನೀನು ಸುಮ್ನೆ ಮಲಕ್ಕೋ. ಉಸಿರು ಎಳಿ, ಹಿಡ್ಕೋ. ಈಗ ಬಿಡು."

ಅವನು ಅಭ್ಯಾಸಬಲದಿಂದ "ಹಾ" ಎಂದು ಬಿಟ್ಟ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಯಂತ್ರ ಅಂಗೈ ಅಗಲದ ಹೊಳೆಯುವ ಕಪ್ಪು ಚೀಟಿಯೊಂದನ್ನು ಹೊರಗೆ ನೂಕಿತು. ಅದರಲ್ಲಿ ಬೂದಿ ಬಣ್ಣದ ಮಂಜು, ನಡುವೆ ಕಪ್ಪು ಪೇರಳೆಯಂಥದೊಂದು ಆಕಾರ, ಅದರೊಳಗೆ ಒಂದು ಬಿಳಿ ಚುಕ್ಕೆ.

"ಇದು ನಂಗೆ ಕೊಡು. ಮಗಳು ತೆಗೆದ ಮೊದಲ್ನೇ ಫೋಟೋ," ಎಂದ. ಅವಳು ತುಸು ಹಿಂಜರಿದು ಕೊಟ್ಟಳು. "ಸ್ಪಿರಿಟ್ ತಾಗಿಸ್ಬೇಡ, ಪೂರ್ತಿ ಕಪ್ಪಾಗುತ್ತೆ. ಯಾರಿಗೂ ತೋರಿಸ್ಬೇಡ."

"ಈ ಚುಕ್ಕೆ ಹತ್ರ ಎರಡು ಕೂಡಿಸೋ ಗುರುತು ಇದೆಯಲ್ಲ, ಏನದು?"

"ಏನಿಲ್ಲ ಅಪ್ಪ. ಮಿಷನ್ನೇ ಹಾಕುತ್ತೆ."

ತೋರಿಸಬೇಡ ಎಂದರೆ ಕೇಳುವ ಅಪ್ಪ ಎಲ್ಲಿದ್ದಾನೆ? ಚೀಟಿಯನ್ನು ಗಾಜಿನ ತುಂಡಿನ ಕೆಳಗಿಟ್ಟು, ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ನಾಲ್ಕೂ ಕಡೆ ಟೇಪು ಅಂಟಿಸಿ ಕೂರಿಸಿದ. ಪೆಟ್ಟಿಗೆ ತೆರೆದಾಗಲೆಲ್ಲ ಬಡಗಿಗಳಿಗೆ ತೋರಿಸುತ್ತಿದ್ದ. "ಒಳಗೆ ಏನೂ ಇಲ್ವಲ್ಲೋ ಅಣ್ಣ, ಬರೀ ಕತ್ತಲೆ," ಎಂದು ಅವರು ಕಾಲೆಳೆದರೆ, "ನಿಮ್ಮ ತಲೇದು ತೆಗೆಸಿ ನೋಡಿ, ಇಷ್ಟೂ ಸಿಗಲ್ಲ," ಎನ್ನುತ್ತಿದ್ದ.

ಒಂದು ಮಂಗಳವಾರ ಮಧ್ಯಾಹ್ನ, ಹೆಂಡತಿ ಕಟ್ಟಿಕೊಟ್ಟಿದ್ದ ಅನ್ನ, ಎಣ್ಣೆಯಲ್ಲಿ ಕರಿದ ಮೊಟ್ಟೆ ತಿಂದು ಅರ್ಧ ಗಂಟೆಯಾಗಿರಲಿಲ್ಲ, ಎದೆಗೂಡಿನ ಕೆಳಗೆ ನೋವು ಎದ್ದಿತು. ಹೊಟ್ಟೆಯಿಂದ ಬೆನ್ನಿನವರೆಗೆ ಬೈರಿಗೆ ಹಾಕಿ ಕೊರೆದಂತೆ. ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಳ್ಳುವುದು ತಿಂಗಳುಗಳಿಂದ ಇತ್ತು. ಆದರೆ ಇದು ಬೇರೆ. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿದರೆ ತುಸು ಕಡಿಮೆ. ವಾಂತಿ ನಿಲ್ಲಲಿಲ್ಲ. ಅಂಗಡಿಯ ಯಜಮಾನ ಸಾಮಾನು ಸಾಗಿಸುವ ಗಾಡಿಯಲ್ಲೇ ಹಾಕಿಕೊಂಡು ಆಸ್ಪತ್ರೆಗೆ ತಂದ.

ಹಾಸ್ಟೆಲ್ಲೊಂದರಲ್ಲಿ ಅಡುಗೆಯವಳಾಗಿದ್ದ ಹೆಂಡತಿ ಏಪ್ರನ್ ಬಿಚ್ಚದೆ ಓಡಿ ಬಂದಳು. ಮಗಳು ಸೆಂಟರಿನ ಬಿಳಿ ಕೋಟಿನಲ್ಲೇ ಬಂದಳು. ಎಳೆಯ ವೈದ್ಯ ರಕ್ತದ ವರದಿ ನೋಡಿ, "ಮೇದೋಜೀರಕ ಗ್ರಂಥಿ ಊದ್ಕೊಂಡಿದೆ. ಪ್ಯಾಂಕ್ರಿಯಾಸ್ ಅಂತೀವಲ್ಲ, ಅದು. ಕುಡಿಯೋ ಅಭ್ಯಾಸ ಇದೆಯಾ?" ಎಂದು ಕೇಳಿದ.

"ಇಲ್ಲ," ಎಂದ ಪಾಲಿಶಣ್ಣ. ಅವನ ಅಂಗಿಯ ಸ್ಪಿರಿಟ್ ವಾಸನೆ ಇಡೀ ಕೋಣೆಯನ್ನು ತುಂಬಿತ್ತು.

ವೈದ್ಯ ಹೆಂಡತಿಯ ಕಡೆ ನೋಡಿದ.

"ಮುಂಚೆ ತುಂಬಾ ಇತ್ತು," ಎಂದಳು ಅವಳು.

"ಈಗ?"

ಅವಳು ಏಪ್ರನ್ನಿನ ಅಂಚು ಹಿಡಿದು ನೆಲ ನೋಡಿದಳು. ವೈದ್ಯ ಏನೋ ಗೀಚಿಕೊಂಡ. ಪಾಲಿಶಣ್ಣನಿಗೆ ಹೊಟ್ಟೆನೋವಿನ ನಡುವೆಯೂ ಆ ಮೌನ ಚುಚ್ಚಿತು.

ಹೊಟ್ಟೆಯ ಸ್ಕ್ಯಾನ್ ಮಾಡುವವನು ಒತ್ತಿ ಒತ್ತಿ ನೋಡಿ ತಲೆಯಾಡಿಸಿದ. "ಬರೀ ಗ್ಯಾಸು. ಅಡ್ಡ ಬಂದು ಏನೂ ಕಾಣಿಸ್ತಿಲ್ಲ. ಊಟ ಬೇರೆ ಆಗಿದೆ, ಪಿತ್ತಕೋಶ ಕುಗ್ಗಿ ಕೂತಿದೆ." ಬಿಳಿ ಕೋಟು ನೋಡಿ ಮಗಳನ್ನು ಕೇಳಿದ, "ನೀವೂ ಇದೇ ಕೆಲಸದೋರಾ? ಇವರದು ಹಳೇ ಸ್ಕ್ಯಾನ್ ಏನಾದ್ರೂ ಇದೆಯಾ?"

"ಇಲ್ಲ ಸರ್," ಎಂದಳು ಮಗಳು.

"ಫೋಟೋ..." ಎಂದು ಪಾಲಿಶಣ್ಣ ಬಾಯಿ ತೆರೆದ.

"ಸುಮ್ನಿರಪ್ಪ. ಮಾತಾಡಿದ್ರೆ ನೋವು ಜಾಸ್ತಿ ಆಗುತ್ತೆ."

ಮಗಳಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡು ಅವನು ಸುಮ್ಮನಾದ.

ಐದನೆಯ ದಿನ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ದೊಡ್ಡ ಬಳೆಯಂಥ ಯಂತ್ರದೊಳಗೆ ತಣ್ಣನೆಯ ಹಲಗೆ ಅವನನ್ನು ಒಯ್ದು ತಂದಿತು. ಕೈನರಕ್ಕೆ ಹಾಕಿದ ಔಷಧಿ ಮೈಯೊಳಗೆಲ್ಲ ಬಿಸಿನೀರು ಸುರಿದ ಹಾಗೆ ಹರಿಯಿತು. ಹಿರಿಯ ವೈದ್ಯರು ಬಂದು ಹೇಳಿದರು: "ಊತ ಇದೆ, ಸುತ್ತ ನೀರು ನಿಂತಿದೆ. ಆದ್ರೆ ಗ್ರಂಥಿಯಲ್ಲಿ ಸತ್ತ ಭಾಗ ಇಲ್ಲ. ಬದುಕಿದ್ರಿ."

ಪಾಲಿಶಣ್ಣನ ತಾಯಿ, ಎಪ್ಪತ್ತೆಂಟರ ಮುದುಕಿ, ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. ಕಿವಿ ಮಂದ, ನಾಲಗೆ ಚುರುಕು. "ಆ ಮಿಷನ್ನು ನನ್ನ ಮಗ ಕುಡಿದಿದಾನೋ ಇಲ್ವೋ ಅನ್ನೋದು ಹೇಳುತ್ತಾ?"

ವೈದ್ಯರು ನಕ್ಕರು. "ಎಷ್ಟು ಸುಟ್ಟಿದೆ ಅಂತ ಹೇಳುತ್ತೆ ಅಜ್ಜಿ. ಬೆಂಕಿ ಇಟ್ಟೋರು ಯಾರು ಅಂತ ಯಾವಾಗ್ಲೂ ಹೇಳಲ್ಲ."

"ಹಾಗಾದ್ರೆ ಅಷ್ಟು ದೊಡ್ಡ ಮಿಷನ್ ಯಾಕೆ ಇಟ್ಕೊಂಡಿದೀರಿ?"

ಒಂಬತ್ತನೆಯ ದಿನ ಮನೆಗೆ ಕಳಿಸಿದರು. ಕೈಗೆ ಕೊಟ್ಟ ಕಾಗದದಲ್ಲಿ ಕಾರಣದ ಜಾಗದಲ್ಲಿ 'ಬಹುಶಃ ಮದ್ಯಪಾನ' ಎಂದಿತ್ತು. ಹೆಂಡತಿ ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಆ 'ಬಹುಶಃ' ಮಾತ್ರ ಅವಳ ನಾಲಗೆಗೆ ಸಿಗಲಿಲ್ಲ.

"ನಾನು ಕುಡಿದಿಲ್ಲ ಕಣೇ."

"ಮತ್ತೆ ಇದು ಸುಳ್ಳಾ? ಓದಿದ ಡಾಕ್ಟರ್ ಸುಳ್ಳು ಬರೀತಾರಾ?"

"ದಿನಾ ಮೂಸ್ತಿದ್ಯಲ್ಲ, ಒಂದು ದಿನನಾದ್ರೂ ವಾಸನೆ ಬಂತಾ?"

"ಅದೇ ನಂಗೆ ಹೊಟ್ಟೆ ಉರಿಯೋದು. ಏಲಕ್ಕಿ ಅಗಿದು ಬರ್ತಿದ್ರೋ, ಮಧ್ಯಾಹ್ನವೇ ಮುಗಿಸಿ ಬರ್ತಿದ್ರೋ. ಹನ್ನೊಂದು ವರ್ಷ ನನ್ನ ಮುಖಕ್ಕೇ ಸುಳ್ಳು ಊದಿದ್ರಲ್ಲ!"

ಅವಳು ನಿಜವಾಗಿಯೂ ಅತ್ತಳು. ಮೋಸ ಹೋದೆನೆಂಬ ಸಂಕಟ ಅವಳದೂ ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಇವನದು. ಏಕೆಂದರೆ ಇವನಿಗೆ ಸತ್ಯ ಗೊತ್ತಿತ್ತು, ಮತ್ತು ಅದನ್ನು ಕೊಳ್ಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಯಾರೂ ಎಂದರೆ ತಪ್ಪಾದೀತು. ಮುದುಕಿ ಗೋಡೆಗೊರಗಿ ಕೂತು ಹೇಳಿದಳು: "ಇವನಪ್ಪ ಕುಡೀತಿದ್ದ. ನಲವತ್ತು ವರ್ಷ ಅವನ ವಾಂತಿ ಒರೆಸಿದೀನಿ. ಕುಡುಕನ ನೋವು ನಂಗೆ ಗೊತ್ತು. ಇವನು ಎಣ್ಣೆ ಪದಾರ್ಥ ತಿಂದಾಗೆಲ್ಲ ಪಕ್ಕೆ ಹಿಡ್ಕೊಳ್ತಿದ್ದ. ನಿನ್ನ ಕರಿದ ಮೊಟ್ಟೆ ಮೇಲೆ ಯಾಕೆ ಅನುಮಾನ ಪಡಲ್ಲ?"

"ಅತ್ತೆ, ಮಗ ಅಂತ ಎಲ್ಲದಕ್ಕೂ ವಹಿಸ್ಕೋಬೇಡಿ."

"ವಹಿಸ್ಕೊಳ್ಳೋಕೆ ಬೇರೆ ಯಾರು ಇದಾರೆ ಅವನಿಗೆ?"

ಆಮೇಲಿನ ವಾರಗಳು ತಟ್ಟೆಯ ಸದ್ದಿನಲ್ಲಿ ಕಳೆದವು. ಹೆಂಡತಿ ಗಂಜಿ ಮಾಡುತ್ತಿದ್ದಳು, ಎಣ್ಣೆ ಇಲ್ಲದ ತರಕಾರಿ ಬೇಯಿಸುತ್ತಿದ್ದಳು, ಹೊತ್ತಿಗೆ ಸರಿಯಾಗಿ ಮಾತ್ರೆ ಇಡುತ್ತಿದ್ದಳು. ಮಾತು ಮಾತ್ರ ಇಲ್ಲ. ತಟ್ಟೆ ನೆಲಕ್ಕೆ ತಾಗುವ ಸದ್ದೇ ಊಟದ ಕರೆ. ಅವನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು. ಅಷ್ಟೇ ಅಲ್ಲದೆ ಅಂಗಡಿಯ ಯಜಮಾನನ ಬಳಿಗೆ ತಾನೇ ಹೋಗಿ, "ಇವರ ಕೈಗೆ ಸ್ಪಿರಿಟ್ ಕೊಡಬೇಡಿ," ಎಂದು ಹೇಳಿ ಬಂದಳು. ಅವನು ಕೆಲಸಕ್ಕೆ ಮರಳಿದಾಗ ಅವನ ಚಾಪೆಯ ಮೇಲೆ ಬೇರೊಬ್ಬ ಕೂತಿದ್ದ. ಯಜಮಾನ ಮುಖ ನೋಡದೆ, "ಸ್ವಲ್ಪ ದಿನ ಮರ ಉಜ್ಜು. ಸ್ಯಾಂಡ್ ಪೇಪರ್ ಅಲ್ಲಿದೆ," ಎಂದ. ಮೂವತ್ತು ವರ್ಷ ಮರಕ್ಕೆ ಹೊಳಪು ಕೊಟ್ಟ ಕೈಗೆ ಈಗ ಬರೀ ಧೂಳು.

ಮೊದಲ ಸಂಜೆ ಹೊಸ್ತಿಲಲ್ಲಿ ನಿಂತ. ಹೆಂಡತಿ ಬರಲಿಲ್ಲ. ಒಳಗಿನಿಂದಲೇ, "ಇನ್ನು ಮೂಸಿ ಏನು ಮಾಡ್ಲಿ? ಬೇಕಾದ್ರೆ ಬನ್ನಿ," ಎಂದಳು. ಅವನು ಕಳ್ಳನ ಹಾಗೆ ತನ್ನ ಮನೆಯೊಳಗೆ ತಾನೇ ನುಸುಳಿದ.

ಎಲ್ಲರಿಗಿಂತ ಬಿರುಸಾಗಿದ್ದವಳು ಮಗಳು. ಬಾಲ್ಕನಿಯಲ್ಲಿ ಅವನಿಟ್ಟಿದ್ದ ಐದು ಲೀಟರಿನ ಸ್ಪಿರಿಟ್ ಡಬ್ಬಿಯನ್ನು ಎಳೆದುಕೊಂಡು ಹೋಗಿ ಬಚ್ಚಲಿಗೆ ಸುರಿದಳು.

"ಅದು ಪಾಲಿಶ್‌ಗೆ ಕಣಮ್ಮ!"

"ಎಲ್ಲಾ ಗೊತ್ತಪ್ಪ. ನನ್ನ ಮುಂದೆ ನಾಟಕ ಬೇಡ."

ಇನ್ನೊಂದು ದಿನ ಊಟದ ನಡುವೆ, ಅವನ ಕಡೆ ನೋಡದೆ ಕೇಳಿದಳು: "ಆ ಫೋಟೋ ಇನ್ನೂ ಪೆಟ್ಟಿಗೇಲಿ ಇದೆಯಾ? ಕಿತ್ತು ಬಿಸಾಡು. ನೋಡಿದೋರು ನಗ್ತಾರೆ."

ತನ್ನಂಥ ಅಪ್ಪನ ಹೊಟ್ಟೆಯೂ ಮಗಳಿಗೆ ನಾಚಿಕೆಯಾಯಿತೆಂದು ಅವನು ತಿಳಿದುಕೊಂಡ. ಆದರೂ ಫೋಟೋ ಕೀಳಲಿಲ್ಲ. ಆ ಮನೆಯವರು ಅವನೊಡನೆ ನಗುತ್ತಿದ್ದ ಕಾಲದ ಗುರುತು ಅದೊಂದೇ ಉಳಿದಿತ್ತು.

ನಾಲ್ಕನೆಯ ವಾರ ಮತ್ತೆ ತೋರಿಸಲು ಬರಹೇಳಿದ್ದರು. ಹೆಂಡತಿ ಹಾಸ್ಟೆಲ್ಲಿಗೆ ಹೋದಳು, ಮಗಳು ಪರೀಕ್ಷೆ ಹತ್ತಿರವಿದೆ ಎಂದಳು. ಅವನೊಬ್ಬನೇ ಖಾಲಿ ಹೊಟ್ಟೆಯಲ್ಲಿ ಹೋದ. ಈ ಸಲ ಸ್ಕ್ಯಾನ್ ಮಾಡಿದವರು ನಿವೃತ್ತಿಗೆ ಹತ್ತಿರವಾದ ಡಾಕ್ಟರಮ್ಮ. ಅವಸರವಿಲ್ಲದ ಕೈ. ಒಂದು ಕಡೆ ನಿಂತರು. "ಎಡಗಡೆ ಹೊರಳಿ. ಉಸಿರು ಹಿಡೀರಿ." ಮತ್ತೆ ನೋಡಿದರು.

"ನಿಮಗೆ ಕುಡಿತ ಅಂತ ಯಾರು ಹೇಳಿದ್ದು?"

"ಎಲ್ಲರೂ."

"ಇಲ್ಲಿ ನೋಡಿ." ಪರದೆಯನ್ನು ಅವನ ಕಡೆ ತಿರುಗಿಸಿದರು. "ಈ ಕಪ್ಪು ಚೀಲ ಪಿತ್ತಕೋಶ. ಒಳಗೆ ಬಿಳಿ ಚುಕ್ಕೆ ಇದೆಯಲ್ಲ, ಕೆಳಗೆ ಕಪ್ಪು ನೆರಳು ಬಾಲದ ಹಾಗೆ ಇಳಿದಿದೆ. ಕಲ್ಲು. ಪಕ್ಕದಲ್ಲಿ ಇನ್ನೂ ಎರಡು ಸಣ್ಣವು. ಇಂಥದೊಂದು ಜಾರಿ ಕೊಳವೆಗೆ ಅಡ್ಡ ಬಂದ್ರೆ ಪ್ಯಾಂಕ್ರಿಯಾಸ್ ಊದ್ಕೊಳ್ಳುತ್ತೆ. ಅವತ್ತು ಗ್ಯಾಸ್ ಇತ್ತು, ಕಾಣ್ಲಿಲ್ಲ. ಇಂಥ ಕಲ್ಲು ಎಷ್ಟೋ ಸಲ ಸಿ.ಟಿ.ಯಲ್ಲೂ ಕಾಣಲ್ಲ. ಪಿತ್ತಕೋಶ ತೆಗೆಸಿಬಿಡಿ, ಇಲ್ದಿದ್ರೆ ಮತ್ತೆ ಬರುತ್ತೆ."

ಪಾಲಿಶಣ್ಣನ ಕಿವಿಗೆ ಆ ಮಾತುಗಳೆಲ್ಲ ಬೀಳಲಿಲ್ಲ. ಅವನು ಆ ಚುಕ್ಕೆಯನ್ನು, ಆ ಬಾಲವನ್ನು ನೋಡುತ್ತಿದ್ದ. ಕಪ್ಪು ಪೇರಳೆ, ಬಿಳಿ ಚುಕ್ಕೆ. ಒಂದು ವರ್ಷದಿಂದ ದಿನಾ ಪೆಟ್ಟಿಗೆ ತೆರೆದಾಗ ಕಂಡದ್ದು ಇದೇ.

ಅಂಗಡಿಗೆ ಓಡಿದ. ಟೇಪು ಕಿತ್ತು, ಚೀಟಿ ತೆಗೆದು, ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ಬಂದ. ಡಾಕ್ಟರಮ್ಮ ಕನ್ನಡಕ ಏರಿಸಿದರು.

"ಇದೇ ಕಲ್ಲು. ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಎಷ್ಟು ಚೆನ್ನಾಗಿ ತೆಗೆದಿದಾರೆ!"

"ಅಮ್ಮಾ, ಈ ಕೂಡಿಸೋ ಗುರುತು ಎರಡು ಇದೆಯಲ್ಲ, ಅದು ಮಿಷನ್ ತಾನಾಗೇ ಹಾಕೋದಾ?"

"ಇಲ್ಲಪ್ಪ. ಅದು ಅಳತೆ. ಕಲ್ಲಿನ ಈ ತುದಿಗೊಂದು, ಆ ತುದಿಗೊಂದು ನಾವೇ ಕೈಯಾರೆ ಇಡಬೇಕು. ಇಲ್ಲಿ ಕೆಳಗೆ ಬಂದಿದೆ ನೋಡಿ, ಆರು ಮಿಲಿಮೀಟರ್. ಕಲ್ಲು ಅಂತ ಗೊತ್ತಾಗದೆ ಯಾರೂ ಅಳೆಯಲ್ಲ." ಅವರ ಹುಬ್ಬು ಗಂಟಾಯಿತು. "ನೋಡಿದೋರು ನಿಮಗೆ ಹೇಳಲಿಲ್ವಾ? ಯಾರು ತೆಗೆದದ್ದು? ಸೆಂಟರ್ ಹೆಸರೂ ಇಲ್ಲ."

ಅವನಿಗೆ ಮಗಳ ಮಾತುಗಳು ಒಂದೊಂದಾಗಿ ನೆನಪಾದವು. ಹಳೆ ಸ್ಕ್ಯಾನ್ ಇದೆಯಾ ಎಂದಾಗ 'ಇಲ್ಲ ಸರ್' ಎಂದದ್ದು. 'ಸುಮ್ನಿರಪ್ಪ' ಎಂದದ್ದು. ಕಿತ್ತು ಬಿಸಾಡು ಎಂದದ್ದು.

"ಗೊತ್ತಿಲ್ಲಮ್ಮ," ಎಂದ. "ಎಲ್ಲೋ ರಸ್ತೇಲಿ ಕ್ಯಾಂಪ್ ಹಾಕಿದ್ರು."

ಆ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಗಳ ತಟ್ಟೆಯ ಪಕ್ಕ ಆ ಚೀಟಿಯನ್ನಿಟ್ಟ.

"ಏನಿದು, ಓದಮ್ಮ. ನಿಮ್ಮಮ್ಮನಿಗೆ ಕೇಳೋ ಹಾಗೆ ಓದು."

ಮಗಳ ಮುಖ ಬಿಳಿಚಿತು. "ಅದು... ಹಳೇದು, ಸರಿಯಾಗಿ ಗೊತ್ತಾಗಲ್ಲ."

"ಆರು ಮಿಲಿಮೀಟರ್ ಅಂತೆ. ಮಿಷನ್ನೇ ಅಳೀತಾ?"

ಅವಳು ತಟ್ಟೆಯ ಮುಂದೆ ತಲೆ ತಗ್ಗಿಸಿ ಅಳತೊಡಗಿದಳು. ಮಾತು ತುಂಡು ತುಂಡಾಗಿ ಬಂತು. "ಸೆಂಟರಿನ ಮೇಡಂ ಇಲ್ದಾಗ ಮಿಷನ್ ಮುಟ್ಟಿದ್ದೆ. ಗೊತ್ತಾದ್ರೆ ತರಬೇತಿಯಿಂದ ತೆಗೆದುಹಾಕ್ತಿದ್ರು. ಕಲ್ಲು ತುಂಬಾ ಜನಕ್ಕೆ ಇರುತ್ತೆ, ಏನೂ ಆಗಲ್ಲ ಅಂದ್ಕೊಂಡೆ."

"ಆಸ್ಪತ್ರೇಲಿ? ಅಲ್ಲಿ ಆಗಿತ್ತಲ್ಲ?"

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಇದ್ದೆ. ಅಷ್ಟರಲ್ಲಿ ಎಲ್ಲರೂ ಕುಡಿತ ಅಂದ್ರು. ಅಮ್ಮನೂ ಅಂದ್ರು. ಪರೀಕ್ಷೆ ಮುಗಿಯೋವರೆಗೂ ಹಾಗೇ ಇರ್ಲಿ ಅನ್ನಿಸ್ತು."

"ಹಾಗೇ ಇರ್ಲಿ," ಎಂದು ಅವನು ಅವಳ ಮಾತನ್ನೇ ಹೇಳಿಕೊಂಡ. "ಚಿಕ್ಕೋಳಿದ್ದಾಗ ಬೀದೀಲಿ ನನ್ನ ಪಕ್ಕ ಕೂತಿದ್ಯಲ್ಲ, ಚಪ್ಪಲಿ ಹಿಡ್ಕೊಂಡು. ಅವತ್ತು ನಾನು ನಿಜವಾಗ್ಲೂ ಕುಡಿದಿದ್ದೆ. ಆದ್ರೂ ನೀನು ಎದ್ದು ಹೋಗ್ಲಿಲ್ಲ. ಈಗ ಕುಡಿದಿರಲಿಲ್ಲ, ಅದು ನಿಂಗೊಬ್ಬಳಿಗೇ ಗೊತ್ತಿತ್ತು. ಬಿಟ್ಟು ಹೋದ್ಯಲ್ಲಮ್ಮ."

ಹೆಂಡತಿ ಎದ್ದವಳೇ ಮಗಳ ಬೆನ್ನಿಗೆ ಗುದ್ದಿದಳು. "ನೀನು ಹೇಳದೇ ಇದ್ದಿದ್ದಕ್ಕೆ ನಾನು ಇವರನ್ನ..."

"ಅವಳನ್ನ ಯಾಕೆ ಹೊಡೀತೀಯ?" ಎಂದಳು ಮುದುಕಿ. ಇಂಥ ಹೊತ್ತಿನಲ್ಲಿ ಅವಳ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. "ಅವಳು ಬಾಯಿ ಮುಚ್ಕೊಂಡಿದ್ಲು. ನೀನು ಬಾಯಿ ಬಿಟ್ಟು ಅಂಗಡಿವರೆಗೂ ಹೋಗಿ ಹೇಳಿ ಬಂದೆ."

ಅಂದು ಯಾರೂ ಊಟ ಮುಗಿಸಲಿಲ್ಲ.

ಮರುದಿನ ಸಂಜೆ ಹೆಂಡತಿ ಮೊದಲೇ ಬಾಗಿಲಿಗೆ ಬಂದು ನಿಂತಿದ್ದಳು. ಕಣ್ಣು ಊದಿತ್ತು. ಬೆಳಿಗ್ಗೆಯೇ ಅಂಗಡಿಗೆ ಹೋಗಿ ಯಜಮಾನನಿಗೆ ನಿಜ ಹೇಳಿದ್ದಳು. ಪಾಲಿಶಣ್ಣನಿಗೆ ಅವನ ಚಾಪೆ ಮರಳಿ ಸಿಕ್ಕಿತ್ತು.

"ಬನ್ನಿ ಒಳಗೆ. ಇನ್ಮೇಲೆ ಊದೋದೆಲ್ಲ ಬೇಡ."

"ಮೂಸು."

"ಬೇಡ ಅಂದ್ನಲ್ರೀ."

"ಮೂಸ್ದೆ ನಾನು ಒಳಗೆ ಬರಲ್ಲ. ನಾಳೆ ಇನ್ನೊಂದು ಕಾಗದ ಬಂದ್ರೆ ಏನು ಮಾಡ್ತೀಯ?"

ಎದುರುಮನೆಯವರು ಇಣುಕುವವರೆಗೂ ಅವನು ಅಲ್ಲಾಡಲಿಲ್ಲ. ಕೊನೆಗೆ ಅವಳು ಅಳುತ್ತಲೇ ಮುಖ ಮುಂದೆ ಮಾಡಿದಳು. ಅವನು "ಹಾ" ಎಂದ. ಮೊದಲಿನ ನಗು ಅದರಲ್ಲಿರಲಿಲ್ಲ.

ಮಗಳು ಪರೀಕ್ಷೆಯಲ್ಲಿ ಪಾಸಾದಳು. ಅವಳು ಕದ್ದು ಯಂತ್ರ ಮುಟ್ಟಿದ ಸಂಗತಿ ಸೆಂಟರಿನವರಿಗೆ ತಿಳಿಯಲಿಲ್ಲ. ತಿಳಿಸಬಲ್ಲವನು ಬಾಯಿ ಬಿಡಲಿಲ್ಲ. ಅವಳು ಸಿಹಿ ತಂದು ಅಪ್ಪನ ಮುಂದೆ ಹಿಡಿದಾಗ, "ಡಾಕ್ಟರು ಬೇಡ ಅಂದಿದಾರೆ," ಎಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಡಾಕ್ಟರು ಬೇಡವೆಂದದ್ದು ನಿಜವೇ.

ಎರಡು ವಾರದ ಮೇಲೆ ಪಿತ್ತಕೋಶ ತೆಗೆಸಲು ನಾಲ್ವರೂ ಆಸ್ಪತ್ರೆಗೆ ಹೋದರು. ಮುದುಕಿ ಬೇಡವೆಂದರೂ ಕೇಳದೆ ಬಂದಿದ್ದಳು. ಪಾಲಿಶಣ್ಣ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದ. ಹಲವು ದಿನದ ಮೇಲೆ ಉಗುರುಗಳಲ್ಲಿ ಅರಗಿನ ಕಂದು ಬಣ್ಣ ಮತ್ತೆ ಕೂತಿತ್ತು, ಎಷ್ಟು ತೊಳೆದರೂ ಹೋಗಿರಲಿಲ್ಲ. ನರ್ಸು ಕಾಗದಗಳನ್ನು ತಂದಳು.

"ಕುಡಿಯೋ ಅಭ್ಯಾಸ?"

"ಇಲ್ಲ," ಎಂದು ಹೆಂಡತಿ, ಮಗಳು ಇಬ್ಬರೂ ಒಟ್ಟಿಗೆ ಹೇಳಿದರು.

"ಒಪ್ಪಿಗೆ ಕಾಗದಕ್ಕೆ ಹತ್ತಿರದ ಸಂಬಂಧಿಕರು ಒಬ್ಬರು ಸಹಿ ಹಾಕ್ಬೇಕು. ಯಾರು ಹಾಕ್ತೀರಿ?"

ಹೆಂಡತಿ ಕೈ ಚಾಚಿದಳು. ಮಗಳು ಪೆನ್ನಿನ ಮುಚ್ಚಳ ತೆಗೆದು ಅಮ್ಮನಿಗೆ ಕೊಡಲು ಮುಂದೆ ಬಂದಳು.

"ನಮ್ಮಮ್ಮ ಹಾಕ್ತಾರೆ," ಎಂದ ಪಾಲಿಶಣ್ಣ.

"ಅವರಿಗೆ ಓದೋಕೆ ಬರುತ್ತಾ?"

"ಬರಲ್ಲ. ಓದಿದೋರದ್ದು ನೋಡಿ ಆಯ್ತು."

ನರ್ಸು ಶಾಯಿಯ ಡಬ್ಬಿ ತಂದಳು. ಮುದುಕಿ ಹೆಬ್ಬೆರಳನ್ನು ಅದ್ದಿ, ಎಲ್ಲಿ ಒತ್ತಲಿ ಎಂದು ಮಗನ ಮುಖ ನೋಡಿದಳು. ಅವನು ಅವಳ ಕೈ ಹಿಡಿದು ಜಾಗಕ್ಕೆ ಸರಿಯಾಗಿ ಇಡಿಸಿದ. ನರ್ಸು ಅದರ ಪಕ್ಕದಲ್ಲಿ 'ತಾಯಿ' ಎಂದು ಬರೆದಳು. ಆಮೇಲೆ ತಲೆಯೆತ್ತಿ, ಪೆನ್ನು ಹಿಡಿದುಕೊಂಡೇ ನಿಂತಿದ್ದ ಇಬ್ಬರನ್ನು ನೋಡಿದಳು.

"ಇವರಿಬ್ರು ನಿಮಗೇನಾಗ್ಬೇಕು?"

ಪಾಲಿಶಣ್ಣ ಅವರ ಕಡೆ ತಿರುಗಿದ.

"ಜೊತೆಗೆ ಬಂದಿದಾರೆ," ಎಂದ.